ನೂರು ಅಡಿ ಫಿಲ್ಮು, ಹದಿನೆಂಟು ರೋಲು

ಬಿಡಿ ರೋಲಿನ ಬೆಲೆಯಲ್ಲಿ ಕ್ಯಾಸೆಟ್ಟು, ಡಬ್ಬಿ, ಪೆಟ್ಟಿಗೆಯ ಖರ್ಚೂ ಸೇರಿರುತ್ತದೆ. ಅದನ್ನು ಉಳಿಸಲೆಂದೇ ಕಪ್ಪು-ಬಿಳುಪು ಛಾಯಾಗ್ರಾಹಕರು 35 ಮಿ.ಮೀ. ಫಿಲ್ಮನ್ನು 100 ಅಡಿಯ ಸುರುಳಿಯಾಗಿ ಕೊಳ್ಳುವುದುಂಟು. 36 ಚಿತ್ರದ ರೋಲಿಗೆ ಸುಮಾರು ಐದೂವರೆ ಅಡಿ ಸಾಕು. ಸುರುಳಿಗೆ 18 ರೋಲು ದಕ್ಕುತ್ತದೆ. ಹತ್ತೇ ಚಿತ್ರ ಬೇಕೆಂದರೆ ಅಷ್ಟನ್ನೇ ತುಂಬಿಕೊಳ್ಳಬಹುದು.

ಬಳಸಿದ ಕ್ಯಾಸೆಟ್ಟಿನಿಂದ ಹಳೆಯ ಫಿಲ್ಮಿನ ತುಂಡು ಅರ್ಧ ಇಂಚು ಹೊರಗಿದ್ದರೆ, ಅದಕ್ಕೇ ಹೊಸ ಫಿಲ್ಮನ್ನು ಟೇಪಿನಿಂದ ಅಂಟಿಸಿ ಲೋಡರಿನ ಹಿಡಿ ತಿರುಗಿಸಿದರಾಯಿತು. ಇದೆಲ್ಲ ಬೆಳಕಿನಲ್ಲೇ ಆಗುವ ಕೆಲಸ. ಸುರುಳಿಯನ್ನು ಲೋಡರಿನೊಳಗೆ ಇಡುವಾಗ ಮಾತ್ರ ಪೂರ್ತಿ ಕತ್ತಲೆ ಬೇಕು, ಕೆಂಪು ದೀಪವೂ ಕೂಡದು. ಆಗ ಯಾರಾದರೂ ಬಾಗಿಲು ತೆರೆದರೆ ಹೋಗುವುದು ಒಂದು ರೋಲಲ್ಲ, ಇಡೀ ಸುರುಳಿ!

ಅಂಟಿಸಿದ ತುದಿಗೆ ಬೆಳಕು ತಾಗಿರುವುದರಿಂದ ಕೊನೆಯ ಒಂದೆರಡು ಚಿತ್ರ ಬರುವುದಿಲ್ಲ. ಮಾಂಗಲ್ಯಧಾರಣೆಯನ್ನು 36ನೆಯ ಚಿತ್ರಕ್ಕೆ ಉಳಿಸಿಕೊಂಡವನ ಗತಿ ಹೇಳಬೇಕಾಗಿಲ್ಲ.

ಕ್ಯಾಸೆಟ್ಟಿನ ಬಾಯಿಯ ಮಖಮಲ್ಲಿನಲ್ಲಿ ಧೂಳು ಕುಳಿತರೆ ಫಿಲ್ಮಿನುದ್ದಕ್ಕೂ ಗೀರು. ಹಳತಾದದ್ದನ್ನು ಎಸೆಯುವುದೇ ಲೇಸು. ಡಿಎಕ್ಸ್ ಗುರುತು ಓದುವ ಸ್ವಯಂಚಾಲಿತ ಕ್ಯಾಮೆರಾ ಇರುವವರು ಇನ್ನೊಂದು ನೋಡಬೇಕು. 400ರ ಫಿಲ್ಮನ್ನು 100ರ ಕ್ಯಾಸೆಟ್ಟಿನಲ್ಲಿ ತುಂಬಿದರೆ ಕ್ಯಾಮೆರಾ ನಂಬುವುದು ಕ್ಯಾಸೆಟ್ಟನ್ನೇ.