ನಮ್ಮ ಎರಿ ಹೊಲದ ಕೆಳಗಿನ ಲಾವಾ

ಲಾಂಗ್ ವೀಕೆಂಡ್ ಹತ್ತಿರ ಬಂತಂದ್ರೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಬಾಲಿ ಪ್ಯಾಕೇಜುಗಳು ಹರಿದಾಡೋಕೆ ಶುರು. ನಡುರಾತ್ರಿ ಎದ್ದು, ಟಾರ್ಚ್ ಹಿಡಿದು ಬಾತೂರ್ ಪರ್ವತ ಹತ್ತಿ, ಸೂರ್ಯೋದಯದ ಜೊತೆ ಒಂದು ಸೆಲ್ಫಿ. ಜ್ವಾಲಾಮುಖಿ ನೋಡಿ ಬಂದ್ವಿ ಅಂತ ಸ್ಟೇಟಸ್. ತಪ್ಪೇನಿಲ್ಲ, ಹೋಗಿ ಬನ್ನಿ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ನೀವು ಹುಟ್ಟಿ ಬೆಳೆದದ್ದೇ ಲಾವಾದ ಮೇಲೆ.

ಶಾಲೆಯಲ್ಲಿ 'ಡೆಕ್ಕನ್ ಟ್ರ್ಯಾಪ್' ಅಂತ ಎರಡು ಮಾರ್ಕಿಗೆ ಓದಿ ಮರೆತಿರುತ್ತೀರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಉದ್ದುದ್ದ ಬಿರಿದು, ಆ ಬಿರುಕುಗಳಿಂದ ಲಾವಾ ಉಕ್ಕಿ, ಹೊಳೆಯ ಮಹಾಪೂರದ ಹಾಗೆ ಬಯಲೆಲ್ಲ ತುಂಬಿಕೊಂಡು ಹರಿಯಿತು. ಒಂದು ಸಲ ಅಲ್ಲ, ಸಲ ಸಲ. ಒಂದು ಪದರ ತಣ್ಣಗಾಗಿ ಗಟ್ಟಿಯಾದ ಮೇಲೆ ಇನ್ನೊಂದು. ಇವತ್ತಿಗೂ ಉಳಿದಿರುವುದು ಸುಮಾರು 5 ಲಕ್ಷ ಚದರ ಕಿಲೋಮೀಟರ್, ಅಂದರೆ ಎರಡೂವರೆ ಕರ್ನಾಟಕದಷ್ಟು ಜಾಗ. ಮಹಾಬಳೇಶ್ವರದ ಕಡೆ ಈ ಪದರಗಳ ಒಟ್ಟು ದಪ್ಪ ಸಾವಿರ ಮೀಟರಿಗೂ ಹೆಚ್ಚು. ನಮ್ಮ ಕಡೆ ಬರುವಷ್ಟರಲ್ಲಿ ಅದು ತೆಳುವಾಗುತ್ತದೆ, ಯಾಕಂದ್ರೆ ನಾವಿರುವುದು ಈ ಹಾಸಿಗೆಯ ದಕ್ಷಿಣದ ಅಂಚಿನಲ್ಲಿ. ಗೋಕಾಕ ಫಾಲ್ಸಿಗೆ ಹೋದರೆ ಅಲ್ಲಿ ನೀರು ಧುಮುಕುವುದು ಲಾವಾದ ಕಲ್ಲಿನ ಮೇಲಲ್ಲ, ಅದಕ್ಕಿಂತ ಎಷ್ಟೋ ಹಳೆಯ ಮರಳುಗಲ್ಲಿನ ಮೇಲೆ. ಬೈಕಿನಲ್ಲಿ ಅರ್ಧ ದಿನದೊಳಗೆ ಎರಡು ಯುಗ ದಾಟಿ ಬರಬಹುದು.

ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೊಗೆ ಇಲ್ಲ, ಕುಳಿ ಇಲ್ಲ, ಕೋನ್ ಐಸ್‌ಕ್ರೀಮ್ ತಲೆಕೆಳಗು ಮಾಡಿದಂಥ ಬೆಟ್ಟವೂ ಇಲ್ಲ. ಬಿರುಕಿನಿಂದ ಹರಿದ ಲಾವಾಕ್ಕೆ ಅಂಥ ಬೆಟ್ಟ ಇರಬೇಕಾಗಿಯೂ ಇಲ್ಲ. ಭಾರತದಲ್ಲಿ ಇವತ್ತೂ ಜೀವಂತ ಇರುವ ಜ್ವಾಲಾಮುಖಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಹಾಗಾಗಿ 'ನಿಪ್ಪಾಣಿ ವಾಲ್ಕೆನೋ' ಅಂತ ಯಾರಾದರೂ ರೀಲ್ಸ್ ಮಾಡಿ ಜನ ಕರೆಸಿದರೆ, ಬಂದವರು ಬೈದು ಹೋಗುತ್ತಾರೆ.

ಆದರೆ ಜನ ಬರೋದಕ್ಕೆ ಹೊಗೆಯೇ ಬೇಕಂತಿಲ್ಲ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ನೋಡಿ. ಅದೂ ಸುಮಾರು 6 ಕೋಟಿ ವರ್ಷದ ಹಿಂದೆ ಆರಿಹೋದ ಲಾವಾನೇ. ಸುಮಾರು 40 ಸಾವಿರ ಕಲ್ಲಿನ ಕಂಬಗಳು, ಒಬ್ಬ ರಾಕ್ಷಸನ ಕತೆ, 1986ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ. ಜಗತ್ತೇ ಬರುತ್ತದೆ. ಅಷ್ಟು ದೂರ ಯಾಕೆ, ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳೂ ಲಾವಾದವೇ, ಸುಮಾರು 8.8 ಕೋಟಿ ವರ್ಷ ಹಳೆಯವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕರ್ನಾಟಕದಲ್ಲಿ ನಾಲ್ಕು ಜಾಗಗಳನ್ನು ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಈ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ, ಕೋಲಾರದ ಪೆದ್ದಪಲ್ಲಿ, ಬೆಂಗಳೂರಿನ ಲಾಲ್‌ಬಾಗ್ ಬಂಡೆ. ಮೊದಲ ಮೂರೂ ಜ್ವಾಲಾಮುಖಿಯ ಕೆಲಸವೇ. ಬೆಳಗಾವಿ ಜಿಲ್ಲೆಯದು ಒಂದೂ ಇಲ್ಲ.

2025ರ ಸೆಪ್ಟೆಂಬರಿನಲ್ಲಿ ಸೇಂಟ್ ಮೇರೀಸ್ ದ್ವೀಪ ಸಮೂಹದ ಜೊತೆಗೆ ಪಂಚಗಣಿ-ಮಹಾಬಳೇಶ್ವರದ ಡೆಕ್ಕನ್ ಟ್ರ್ಯಾಪ್ ಕೂಡ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಕೃಷ್ಣೆ ಹುಟ್ಟುವುದು ಅಲ್ಲೇ. ಅದೇ ಲಾವಾದ ಮೇಲೆ ಹರಿದು ನಮ್ಮ ಚಿಕ್ಕೋಡಿ, ಕಾಗವಾಡಕ್ಕೆ ಬರುತ್ತಾಳೆ. ಕತೆಯ ಮೊದಲ ಅಧ್ಯಾಯಕ್ಕೆ ಬೋರ್ಡ್ ಬೀಳುವ ಹೊತ್ತಿಗೆ ಎರಡನೇ ಅಧ್ಯಾಯ ಕ್ರಷರಿಗೆ ಹೋಗಿರುತ್ತೋ ಏನೋ. ಅಥಣಿಯಲ್ಲೂ ಚಪ್ಪಲಿ ಹೊಲಿಯುತ್ತಾರೆ, ಹೆಸರು ಮಾತ್ರ ಕೊಲ್ಹಾಪುರಿ. 2019ರ ಜಿಐ ಟ್ಯಾಗ್‌ನಲ್ಲಿ ನಮ್ಮ ಜಿಲ್ಲೆಯ ಹೆಸರೂ ಇದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಲಾವಾದ ವಿಷಯದಲ್ಲೂ ಹಾಗೇ ಆಗೋದು ನನಗೆ ಇಷ್ಟ ಇಲ್ಲ.

ಹಾಗಾದ್ರೆ ಬಂದವರಿಗೆ ಏನು ತೋರಿಸೋದು? ಬೆಂಗಳೂರು-ಪುಣೆ ಹೈವೇಯಲ್ಲಿ ಬಂದರೆ ನಿಪ್ಪಾಣಿಗೆ ಮುಂಚೆ ತವಂದಿ ಘಾಟ್ ಸಿಗುತ್ತದೆ. ಸ್ತವನಿಧಿ ಬಸದಿಗೆ ಹೋಗುವವರಿಗೆ ಗೊತ್ತಿರುವ ಜಾಗ. ಈ ಸೀಮೆಯ ಗುಡ್ಡಗಳ ನೆತ್ತಿ ಚಪ್ಪಟೆ, ಪಕ್ಕ ಮೆಟ್ಟಿಲು ಮೆಟ್ಟಿಲು. 'ಟ್ರ್ಯಾಪ್' ಅನ್ನೋ ಹೆಸರು ಬಂದದ್ದೇ ಮೆಟ್ಟಿಲು ಅನ್ನೋ ಅರ್ಥದ ಸ್ವೀಡಿಷ್ ಪದದಿಂದ. ಅಲ್ಲಿಂದ ನಿಪ್ಪಾಣಿಯ ತಂಬಾಕಿನ ಹೊಲ, ಚಿಕ್ಕೋಡಿ ದಾಟಿದರೆ ಕಬ್ಬು. ಈ ಎರಿ ಮಣ್ಣು ಅದೇ ಕರಿಕಲ್ಲು ಸವೆದು ಆದದ್ದು. ಮಳೆಗೆ ಉಬ್ಬಿ ಟ್ರ್ಯಾಕ್ಟರ್ ನುಂಗುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ.

ಆಮೇಲೆ ಯಡೂರು, ಕೃಷ್ಣೆಯ ದಂಡೆ. ಕಾಗವಾಡ ತಾಲ್ಲೂಕಿನ ಜುಗೂಳದ ಎದುರಿಗೆ, ನದಿಯ ಆಚೆ ದಡದಲ್ಲಿ ಖಿದ್ರಾಪುರದ ಕೋಪೇಶ್ವರ ಗುಡಿ. ಶಿಲಾಹಾರರ ಕಾಲದ್ದು, 12ನೇ ಶತಮಾನ. ಸ್ವರ್ಗ ಮಂಟಪದ ನಡುವೆ ನಿಂತು ತಲೆ ಎತ್ತಿದರೆ ಚಾವಣಿಯಲ್ಲಿ ದುಂಡಗೆ ಆಕಾಶ. ಬುಡದಲ್ಲಿ ಸಾಲು ಆನೆಗಳು. ಎಲ್ಲ ಈ ಕರಿಕಲ್ಲಿನಲ್ಲೇ. ಶಿವನ ಎದುರು ನಂದಿ ಇಲ್ಲ, ಅದು ನಮ್ಮ ಯಡೂರಿನಲ್ಲಿದೆ ಅಂತ ಹೇಳುತ್ತಾರೆ. ಲಾವಾ ಮತ್ತು ನಂದಿ ಎರಡಕ್ಕೂ ರಾಜ್ಯದ ಗಡಿ ಗೊತ್ತಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಮ್ಯೂಸಿಯಂ ಅಂದ್ರೆ ರಾಯಬಾಗ, ಅಥಣಿ ಕಡೆಯ ಹಳೆಯ ತೆರೆದ ಬಾವಿಗಳು. ಮೇಲೆ ಎರಿ, ಅದರ ಕೆಳಗೆ ಗರಸು, ಆಮೇಲೆ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯುವ ಗುಂಡುಗಲ್ಲು, ಕೆಳಗೆ ಗಟ್ಟಿ ಕರಿಕಲ್ಲು. ಕೆಲವು ಕಡೆ ಎರಡು ಕಲ್ಲಿನ ಪದರಗಳ ನಡುವೆ ಕೆಂಪು ಪಟ್ಟಿ ಕಾಣುತ್ತದೆ. ಒಂದು ಲಾವಾ ಆರಿದ ಮೇಲೆ ಅದರ ಮೇಲ್ಮೈ ಸವೆದು ಮಣ್ಣಾಗುವಷ್ಟು ಕಾಲ ಕಳೆದು, ಆ ಮಣ್ಣಿನ ಮೇಲೆ ಮುಂದಿನ ಲಾವಾ ಬಂದು ಅದನ್ನು ಸುಟ್ಟ ಗುರುತು.

ಇದು ಬರೀ ಟೂರಿಸಂ ಮಾತಲ್ಲ. ಗಟ್ಟಿ ಕರಿಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ. ನೀರು ಇರುವುದು ಸವೆದ ಪದರದಲ್ಲಿ, ಬಿರುಕಿನಲ್ಲಿ, ಎರಡು ಪದರ ಕೂಡುವಲ್ಲಿ. ಒಬ್ಬರ ಹೊಲದಲ್ಲಿ ನೀರು, ಪಕ್ಕದ ಹೊಲದಲ್ಲಿ ಬರೀ ಕಲ್ಲಿನ ಧೂಳು ಬರುವುದು ಇದಕ್ಕೇ. ತೆಂಗಿನಕಾಯಿ ಅಂಗೈಲಿಟ್ಟು ಪಾಯಿಂಟ್ ನೋಡಿಸಿ ಲಕ್ಷಗಟ್ಟಲೆ ಬೋರಿಗೆ ಸುರಿಯುವ ಮುಂಚೆ, ಊರಿನ ಹಳೆಯ ಬಾವಿಗೆ ಒಮ್ಮೆ ಇಣುಕಿದರೆ ಕೆಳಗಿನ ಪದರಗಳ ಒಂದು ಅಂದಾಜಾದರೂ ಸಿಗುತ್ತದೆ. ಆದರೆ ಬೋರ್ ಬಂದ ಮೇಲೆ ಬಾವಿಗೆ ಕಸ, ಆಮೇಲೆ ಮಣ್ಣು, ಆಮೇಲೆ ಅದರ ಮೇಲೊಂದು ಶೆಡ್ಡು.

ಖರ್ಚು ದೊಡ್ಡದಲ್ಲ. ತಾಲ್ಲೂಕಿಗೊಂದು ಬಾವಿ ಆರಿಸಿ ಹೂಳು ತೆಗೆದು ಕಟಾಂಜನ ಹಾಕಬೇಕು. ರಸ್ತೆಗಾಗಿ ಗುಡ್ಡ ಕಡಿದ ಒಂದು ಗೋಡೆಯನ್ನು ಸಿಮೆಂಟ್ ಬಳಿಯದೆ ಬಿಡಬೇಕು. ಕನ್ನಡ, ಮರಾಠಿ ಎರಡರಲ್ಲೂ ಬೋರ್ಡ್, ಅದರ ಮೇಲೊಂದು ಕ್ಯೂಆರ್ ಕೋಡ್. ಕೋಡಿನ ಹಿಂದಿನ ಪೇಜ್ ನಾನೇ ಮಾಡಿಕೊಡ್ತೀನಿ, ಎರಡು ವೀಕೆಂಡ್ ಕೆಲಸ. ಊರಲ್ಲಿ ನಮ್ಮ ಪಕ್ಕದ ಹೊಲದ ಕಾಕಾಗೆ ಇದನ್ನೆಲ್ಲ ಹೇಳಿ, ನಿಮ್ಮ ಬಾವಿ ಮುಚ್ಚಬ್ಯಾಡ್ರಿ, ನೋಡಾಕ ಜನ ಬರ್ತಾರ ಅಂದೆ. ಕಾಕಾ ಸ್ವಲ್ಪ ಹೊತ್ತು ಬಾವಿ ಕಡೆ ನೋಡಿ, "ಬರ್ಲಿ ಬಿಡೋ ತಮ್ಮಾ. ಆದ್ರ ಮೂಡಣ ದಂಡಿ ಸಡ್ಲ ಆಗೇತಿ, ಮೊದ್ಲ ಅದನ್ನ ಕಟ್ಟಿಸ್ಬೇಕು" ಅಂದರು.