86 ಸಾವಿರ ಡಾಲರ್ ಸಂಬಳ: ಕೈಗೆ ಸಿಗೋದು ಎಷ್ಟು?

ಅಮೆರಿಕದಲ್ಲಿ ಎಮರ್ಜೆನ್ಸಿ ಮ್ಯಾನೇಜ್‌ಮೆಂಟ್ ಡೈರೆಕ್ಟರ್ ಅಂತ ಒಂದು ಹುದ್ದೆ ಇದೆ. ಚಂಡಮಾರುತ, ನೆರೆ, ದೊಡ್ಡ ಬೆಂಕಿ ಅನಾಹುತ ಬಂದಾಗ ಯಾರು ಏನು ಮಾಡಬೇಕು ಎಂಬ ಯೋಜನೆಯನ್ನು ಮೊದಲೇ ತಯಾರಿಸಿ, ಪೊಲೀಸ್, ಅಗ್ನಿಶಾಮಕ, ಆಸ್ಪತ್ರೆಗಳ ನಡುವೆ ಹೊಂದಾಣಿಕೆ ಮಾಡಿಸುವವರು ಇವರು. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಮೇ ತಿಂಗಳ ಲೆಕ್ಕದಂತೆ ಇವರ ಮಧ್ಯಮ ವೇತನ ವರ್ಷಕ್ಕೆ 86,130 ಡಾಲರ್. ಅಂದರೆ ಅರ್ಧ ಜನರಿಗೆ ಇದಕ್ಕಿಂತ ಕಡಿಮೆ, ಇನ್ನರ್ಧ ಜನರಿಗೆ ಹೆಚ್ಚು.

ಒಂದು ಡಾಲರಿಗೆ 3.6725 ದಿರ್ಹಂ. ಆ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 26,360 ದಿರ್ಹಂ ಆಯ್ತು. ದುಬೈ, ಅಬುಧಾಬಿ ಸೈಟುಗಳಲ್ಲಿ ಸೇಫ್ಟಿ ಆಫೀಸರ್ ಆಗಿರುವ ನಮ್ಮ ಹುಡುಗರು ಇದನ್ನು ನೋಡಿ ಕಣ್ಣರಳಿಸುವುದು ಸಹಜ. ಆದರೆ ಇದು ಕೈಗೆ ಬರುವ ದುಡ್ಡಲ್ಲ.

ಒಬ್ಬಂಟಿ ನೌಕರ ಅಂತ ಇಟ್ಟುಕೊಂಡು 2024ರ ದರದಲ್ಲಿ ಲೆಕ್ಕ ಹಾಕಿ ನೋಡಿ. ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ ಶೇ. 7.65, ಅಂದರೆ ಸುಮಾರು 6,590 ಡಾಲರ್ ಹೋಯ್ತು. 14,600 ಡಾಲರ್ ರಿಯಾಯಿತಿ ಕಳೆದು ಉಳಿದದ್ದಕ್ಕೆ ಕೇಂದ್ರದ ಆದಾಯ ತೆರಿಗೆ ಸುಮಾರು 10,790 ಡಾಲರ್. ಉಳಿಯೋದು 68,750. ತಿಂಗಳಿಗೆ ಸುಮಾರು 21,040 ದಿರ್ಹಂ. ಐದು ಸಾವಿರಕ್ಕೂ ಹೆಚ್ಚು ದಿರ್ಹಂ ಇಲ್ಲೇ ಕರಗಿತು.

ನ್ಯೂಯಾರ್ಕಿನಂಥ ಮಹಾನಗರದಲ್ಲಿ ಸಂಬಳ ಇನ್ನೂ ಹೆಚ್ಚಿರುತ್ತದೆ ನಿಜ. ಆದರೆ ಅಲ್ಲಿ ವಾಸ ಇರುವವರಿಗೆ ಕೇಂದ್ರದ ತೆರಿಗೆಯ ಮೇಲೆ ರಾಜ್ಯದ ತೆರಿಗೆ, ಅದರ ಮೇಲೆ ನಗರದ್ದೇ ಬೇರೆ ಆದಾಯ ತೆರಿಗೆ. ಮನೆ ಬಾಡಿಗೆ ಆಮೇಲಿನ ಮಾತು.

ಇನ್ನೊಂದು ವಿಷಯ. ಈ ಹುದ್ದೆಗಳು ಹೆಚ್ಚಾಗಿ ಸ್ಥಳೀಯ ಮತ್ತು ರಾಜ್ಯ ಸರ್ಕಾರಗಳಲ್ಲಿವೆ. ಪದವಿ ಬೇಕು, ಜೊತೆಗೆ ಹಲವು ವರ್ಷಗಳ ಅನುಭವ ಬೇಕು. ಕೆಲವು ದಿನಗಳ ಸೇಫ್ಟಿ ಕೋರ್ಸ್ ಸೈಟಿನ ಕೆಲಸಕ್ಕೆ ಖಂಡಿತ ಉಪಯೋಗ, ಆದರೆ ಅದು ಆ ಕುರ್ಚಿಗೆ ದಾರಿ ಅಲ್ಲ. ಡೈರೆಕ್ಟರ್ ಸಂಬಳ ತೋರಿಸಿ ಯಾರಾದರೂ ಕೋರ್ಸ್ ಮಾರಿದರೆ, ಸಾಲ ಮಾಡಿ ಫೀಸು ಕಟ್ಟುವ ಮೊದಲು ಎರಡು ಸಲ ಯೋಚಿಸಬೇಕು.

ಹೊರಗೆ ಕಾಣುವ ಅಂಕಿಯೇ ಬೇರೆ, ಒಳಗಿನ ಲೆಕ್ಕವೇ ಬೇರೆ ಎಂಬ ಮಾತು ಗಲ್ಫಿಗೂ ಅನ್ವಯಿಸುತ್ತದೆ. ಇಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಆದರೆ ಆಟ ಇರುವುದು ಬೇಸಿಕ್‌ನಲ್ಲಿ. ಯುಎಇ ಖಾಸಗಿ ವಲಯದ ಕಾರ್ಮಿಕ ಕಾನೂನಿನಂತೆ ವರ್ಷ ತುಂಬಿದವರಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನಗಳ ಗ್ರಾಚ್ಯುಟಿ. ಅದೂ ಬೇಸಿಕ್ ಮೇಲೆ ಮಾತ್ರ, ಅಲೋಯನ್ಸ್ ಮೇಲೆ ಅಲ್ಲ.

ಇಬ್ಬರು ಸೇಫ್ಟಿ ಆಫೀಸರ್‌ಗಳಿಗೆ ತಿಂಗಳಿಗೆ ತಲಾ 8,000 ದಿರ್ಹಂ ಎಂದುಕೊಳ್ಳಿ. ಒಬ್ಬರ ಬೇಸಿಕ್ 3,000, ಇನ್ನೊಬ್ಬರದು 5,000. ಐದು ವರ್ಷದ ಕೊನೆಗೆ ಮೊದಲನೆಯವರಿಗೆ ಸಿಗೋದು 10,500, ಎರಡನೆಯವರಿಗೆ 17,500. ಸಂಬಳ ಒಂದೇ, ಕೆಲಸ ಒಂದೇ, ಊರಿಗೆ ಹೊರಡುವಾಗ ವ್ಯತ್ಯಾಸ 7,000 ದಿರ್ಹಂ.

ಆದ್ದರಿಂದ ಅಮೆರಿಕವಾಗಲಿ, ದುಬೈಯಾಗಲಿ, ಎಷ್ಟು ಸಂಬಳ ಅಂತ ಕೇಳಿ ಸುಮ್ಮನಾಗಬಾರದು. ಅದರಲ್ಲಿ ಏನೇನು ಸೇರಿದೆ, ಏನೇನು ಕಡಿತ ಆಗುತ್ತೆ ಅಂತಲೂ ಕೇಳಬೇಕು. ಆಫರ್ ಲೆಟರ್‌ನಲ್ಲಿ ಬೇಸಿಕ್ ಎಷ್ಟು ಅಂತ ಸಹಿ ಹಾಕುವ ಮೊದಲೇ ನೋಡಿ, ಕಡಿಮೆ ಇದ್ದರೆ ಆಗಲೇ ಮಾತಾಡಿ. ಸಹಿ ಹಾಕಿದ ಮೇಲೆ ಅದನ್ನು ಬದಲಾಯಿಸೋದು ಕಷ್ಟ.