ಅರ್ಜಿಯೇ ಹೋಗದ ಮಕ್ಕಳು

ನಮ್ಮ ಜಿಲ್ಲೆಯಲ್ಲಿ ಪ್ರತಿಭಾವಂತ ಮಕ್ಕಳು ಎಷ್ಟು ಮಂದಿ? ಸರಕಾರದ ಲೆಕ್ಕ ಸಿದ್ಧವಾಗಿದೆ: ವರ್ಷಕ್ಕೆ ಎಂಬತ್ತು. ಜವಾಹರ ನವೋದಯ ವಿದ್ಯಾಲಯದ ಆರನೆಯ ತರಗತಿಯಲ್ಲಿ ಹೆಚ್ಚೆಂದರೆ 80 ಸ್ಥಾನಗಳಿವೆ. ಆದ್ದರಿಂದ ಪ್ರತಿಭೆಯೂ ಅಷ್ಟೇ ಇರತಕ್ಕದ್ದು! ಎಂಬತ್ತೊಂದನೆಯ ಮಗು ಮನೆಗೆ ಹೋಗಬಹುದು.

ಈ ಶಾಲೆಗಳನ್ನು ನಾವು ಹಳಿಯುತ್ತಿಲ್ಲ. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಇವು ಆರಂಭವಾದವು. ಬಡವರ ಮಗುವಿಗೂ ಊಟ, ವಸತಿ, ಪುಸ್ತಕ, ಸಮವಸ್ತ್ರಗಳೊಡನೆ ಉತ್ತಮ ವಿದ್ಯೆ ಸಿಗಬೇಕೆಂಬ ಉದ್ದೇಶ ಮೆಚ್ಚತಕ್ಕದ್ದೇ. ಕನಿಷ್ಠ ಮುಕ್ಕಾಲು ಪಾಲು ಸ್ಥಾನ ಗ್ರಾಮೀಣ ಮಕ್ಕಳಿಗೆ, ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ ಎಂಬ ನಿಯಮವೂ ನ್ಯಾಯವಾದುದೇ. ನಮ್ಮ ಪ್ರಶ್ನೆ ಬೇರೆ. ಪರೀಕ್ಷೆಯ ಕೋಣೆಯ ಬಾಗಿಲವರೆಗೆ ಹೋಗುವ ಮಕ್ಕಳು ಯಾರವರು?

ಐದನೆಯ ತರಗತಿಯ ಮಗು ಎರಡು ಗಂಟೆಗಳಲ್ಲಿ 80 ಪ್ರಶ್ನೆಗಳಿಗೆ ಉತ್ತರಿಸಬೇಕು. ಕನ್ನಡದಲ್ಲಿಯೇ ಬರೆಯಬಹುದು. ಆದರೆ 100 ಅಂಕಗಳಲ್ಲಿ 50 ಅಂಕ, ಆಕೃತಿಗಳನ್ನು ನೋಡಿ ಹೊಂದಿಸುವ ಬುದ್ಧಿಶಕ್ತಿಯ ಪ್ರಶ್ನೆಗಳಿಗೆ ಮೀಸಲು. ಇವು ದಿನದಿನದ ಪಾಠದಲ್ಲಿ ಬರುವಂಥವಲ್ಲ. ಕೋಚಿಂಗಿಗೆ ಹಣ ಕಟ್ಟಿದವರ ಮಗು ಇವನ್ನು ನೂರು ಸಲ ಬಿಡಿಸಿರುತ್ತದೆ. ಕೂಲಿಕಾರನ ಮಗು ಪರೀಕ್ಷೆಯ ದಿನವೇ ಮೊದಲು ನೋಡುತ್ತದೆ. ಎರಡನೆಯ ಬಾರಿ ಕೂಡುವ ಅವಕಾಶವೂ ಇಲ್ಲ.

ಮಗುವಿನ ಪರೀಕ್ಷೆಗೆ ಮುಂಚೆ ತಂದೆತಾಯಿಗಳ ಪರೀಕ್ಷೆಯೊಂದಿದೆ. ಅರ್ಜಿ ಕರೆದ ಸುದ್ದಿ ತಿಳಿಯಬೇಕು. ಮುಖ್ಯೋಪಾಧ್ಯಾಯರಿಂದ ಪ್ರಮಾಣಪತ್ರ ತರಬೇಕು. ಕೊನೆಯ ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅರ್ಜಿಗೆ ಶುಲ್ಕವಿಲ್ಲ, ನಿಜ. ಆದರೆ ಮಿಲ್ಲಿನಲ್ಲಿ ಹಗಲು ಪಾಳಿ ಮಾಡುವವನಿಗೆ ಒಂದು ದಿನದ ಕೂಲಿಯೇ ಶುಲ್ಕ. ಬೀದಿಬದಿಯ ವ್ಯಾಪಾರಿಗೆ ಅಂಗಡಿ ಮುಚ್ಚಿದ ಹೊತ್ತೇ ಶುಲ್ಕ. ಸುದ್ದಿಯೇ ತಲುಪದವರಿಗೆ ಮಗುವಿನ ಅವಕಾಶವೇ ಶುಲ್ಕ.

ಇದು ನಮ್ಮ ಊಹೆಯಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಬ್ರೋವರ್ಡ್ ಎಂಬ ಜಿಲ್ಲೆಯಿದೆ. ಅಲ್ಲಿ ಶಿಕ್ಷಕರೋ ತಂದೆತಾಯಿಗಳೋ ಹೆಸರು ಸೂಚಿಸಿದ ಮಕ್ಕಳನ್ನು ಮಾತ್ರ ಪ್ರತಿಭಾವಂತರ ತರಗತಿಗಾಗಿ ಪರೀಕ್ಷಿಸುತ್ತಿದ್ದರು. 2005ರಿಂದ ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಶಾಲೆಯಲ್ಲಿಯೇ ಒಂದು ಪ್ರಾಥಮಿಕ ಪರೀಕ್ಷೆ ಕೊಟ್ಟರು. ತೇರ್ಗಡೆಯ ಮಟ್ಟವನ್ನು ಇಳಿಸಲಿಲ್ಲ. ಆದರೂ ಆಯ್ಕೆಯಾದ ಕಪ್ಪುಜನರ ಮಕ್ಕಳ ಪ್ರಮಾಣ ಶೇಕಡಾ 1ರಿಂದ 3ಕ್ಕೂ, ಸ್ಪ್ಯಾನಿಷ್ ಭಾಷಾಮೂಲದವರ ಮಕ್ಕಳ ಪ್ರಮಾಣ ಶೇಕಡಾ 2ರಿಂದ 6ಕ್ಕೂ ಏರಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೋ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಇದನ್ನು ಪ್ರಕಟಿಸಿದರು. ಆ ಮಕ್ಕಳ ಬುದ್ಧಿ ಒಂದೇ ವರ್ಷದಲ್ಲಿ ಬೆಳೆಯಿತೇ? ಇಲ್ಲ, ಮೊದಲ ಬಾರಿಗೆ ಯಾರೋ ಅವರನ್ನು ಕೇಳಿದರು, ಅಷ್ಟೆ. ಮುಂದೆ ಹಣದ ಅಭಾವದಿಂದ ಆ ಪದ್ಧತಿ ನಿಂತಾಗ ಹಳೆಯ ಅಂತರವೇ ಮರಳಿತು.

ಪಟ್ಟಣದ ಕಾರ್ಮಿಕನಿಗೆ ಇನ್ನೊಂದು ತೊಡಕಿದೆ. ಮೂರು, ನಾಲ್ಕು, ಐದನೆಯ ತರಗತಿಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಕಲಿತಿದ್ದರೂ ಮಗು ಗ್ರಾಮೀಣ ಸ್ಥಾನಕ್ಕೆ ಬಾಹಿರ. ಹೊಲ ಕಳೆದುಕೊಂಡು ಕೆಲಸ ಹುಡುಕಿ ಬಂದವನ ಮಗಳು ವಕೀಲರ, ಡಾಕ್ಟರರ ಮಕ್ಕಳೊಡನೆ ಉಳಿದ 20 ಸ್ಥಾನಗಳಿಗೆ ಸೆಣಸಬೇಕು. ಇದಕ್ಕಾಗಿ ಹಳ್ಳಿಯ ಮಗುವಿನ ಪಾಲನ್ನು ಕಸಿಯಿರೆಂದು ನಾವು ಹೇಳುವುದಿಲ್ಲ. ಪಟ್ಟಣದ ಪಾಲಿನೊಳಗೆ ದುಡಿಯುವವರ ಮಕ್ಕಳಿಗೆ ಸ್ಥಾನ ಗೊತ್ತುಮಾಡಿರೆಂದು ಹೇಳುತ್ತೇವೆ.

ಎಲ್ಲರನ್ನೂ ಪರೀಕ್ಷೆಗೆ ಕೂಡಿಸಿದರೆ ಸ್ಥಾನಗಳು ಹೆಚ್ಚುವುದುಂಟೇ ಎಂದು ಕೆಲವರು ಕೇಳಿಯಾರು. ತಾನಾಗಿ ಹೆಚ್ಚುವುದಿಲ್ಲ. ಆದರೆ ಯೋಗ್ಯರಾದ ಮಕ್ಕಳು ಎಂಬತ್ತಲ್ಲ, ಅದರ ಹಲವು ಪಟ್ಟು ಎಂಬುದು ಆಗ ಕಾಗದದ ಮೇಲೆ ಬರುತ್ತದೆ. ಇಂದು ಆ ಲೆಕ್ಕವೇ ಇಲ್ಲದ ಕಾರಣ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಲೆಕ್ಕ ಕೈಗೆ ಬಂದ ಮೇಲೆ ಹೆಚ್ಚು ಶಾಲೆ ಕೇಳಬಹುದು. ಪಕ್ಕದ ಬೀದಿಯ ಸರಕಾರಿ ಶಾಲೆಗೂ ಅದೇ ಮಟ್ಟದ ಶಿಕ್ಷಕರನ್ನು, ಪುಸ್ತಕಭಂಡಾರವನ್ನು ಕೇಳಬಹುದು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಐದನೆಯ ತರಗತಿಯ ಪ್ರತಿಯೊಂದು ಮಗುವಿನ ಅರ್ಜಿಯನ್ನು ಶಾಲೆಯೇ ತುಂಬಲಿ. ಬೇಡವೆನ್ನುವ ತಂದೆತಾಯಿ ಬರೆದು ತಿಳಿಸಲಿ. ಬುದ್ಧಿಶಕ್ತಿಯ ಪ್ರಶ್ನೆಗಳನ್ನು ಶಾಲೆಯಲ್ಲಿಯೇ ಉಚಿತವಾಗಿ ಅಭ್ಯಾಸ ಮಾಡಿಸಲಿ.

ಸರಕಾರ ಕಣ್ಣು ತೆರೆಯುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಈ ವಿಷಯ ಎತ್ತಿರಿ. ಅರ್ಜಿ ಕರೆದಾಗ ಕಾರ್ಮಿಕ ಸಂಘಗಳು ಮಿಲ್ಲಿನ ಬಾಗಿಲಲ್ಲಿ ಒಂದು ಮೇಜು ಹಾಕಲಿ. ಕಂಪ್ಯೂಟರ್ ಇರುವ ವ್ಯಾಪಾರಿ ಬಂಧುಗಳು ಸಂಜೆ ಒಂದು ಗಂಟೆ ಕೊಡಲಿ. ನಿಮ್ಮ ಓಣಿಯಲ್ಲಿ ಐದನೆಯ ತರಗತಿಯ ಮಕ್ಕಳು ಯಾರು ಯಾರಿದ್ದಾರೆಂದು ಇಂದೇ ಪಟ್ಟಿ ಮಾಡಿರಿ.